ಅಕ್ಷರದ ಒಳಮನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಕ್ಷರ, ಕಟ್ಟಡ, ಶಿಲ್ಪ ಮೂರೂ ಒಂದೆಡೆ ಸೇರುವ ಕೆಲಸದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಏಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಕೇಳಿದವರ ಊರು ಮತ್ತು ಕಸುಬು ಮಾತ್ರ ಕೊಟ್ಟಿದ್ದೇವೆ.

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ‘ಮುದ್ರಣಾಕ್ಷರ ಮತ್ತು ವಾಸ್ತುಶಿಲ್ಪದ ನಂಟು’ ಎಂಬ ವಿಷಯ ತೆಗೆದುಕೊಂಡಿದ್ದೇನೆ, ಶಿಲ್ಪದಲ್ಲಿ ತೋರಿಸಬೇಕು. ‘ಕನ್ನಡ’ ಎಂದು ಟೈಪ್ ಮಾಡಿ ಕಂಪ್ಯೂಟರ್‌ನಲ್ಲೇ ದಪ್ಪ ಕೊಟ್ಟೆ. ಅಂಗಡಿ ಬೋರ್ಡ್ ಥರ ಕಾಣುತ್ತಿದೆ. ಎಲ್ಲಿ ಎಡವಿದೆ?
— ಕಲಾಶಾಲೆ ವಿದ್ಯಾರ್ಥಿನಿ, ಧಾರವಾಡ

ದಪ್ಪ ಕೊಟ್ಟ ಅಕ್ಷರಕ್ಕೆ ಮುಖ ಒಂದೇ ಇರುತ್ತದೆ. ಪಕ್ಕದಿಂದ ನೋಡಿದರೆ ಹಲಗೆ, ಹಿಂದಿನಿಂದ ನೋಡಿದರೆ ತಿರುಗುಮುರುಗಾದ ಅದೇ ಹಲಗೆ. ಕಟ್ಟಡವನ್ನು ಯಾರೂ ಹಾಗೆ ಯೋಚಿಸುವುದಿಲ್ಲ. ನೆಲದ ನಕ್ಷೆ, ಎದುರಿನ ನೋಟ, ಸೀಳುನೋಟ ಮೂರನ್ನೂ ಬರೆದುಕೊಂಡೇ ಕೆಲಸಕ್ಕೆ ಕೈಹಾಕುತ್ತಾರೆ. ಅಕ್ಷರಕ್ಕೂ ಅದನ್ನೇ ಮಾಡಿ. ಪದವನ್ನು ಸದ್ಯಕ್ಕೆ ಬಿಟ್ಟು ಒಂದೇ ಅಕ್ಷರ ಹಿಡಿಯಿರಿ.

ಮೊದಲಿಗೆ ‘ಠ’ ತೆಗೆದುಕೊಳ್ಳಿ. 20 ಸೆಂ.ಮೀ. ಎತ್ತರದ ಪ್ರಿಂಟ್ ತೆಗೆದು ಮೇಜಿನ ಮೇಲೆ ಮಲಗಿಸಿ. ಇನ್ನು ಅದು ನೆಲದ ನಕ್ಷೆ. ಗೆರೆ ಇದ್ದಲ್ಲೆಲ್ಲ ಗೋಡೆ. 3 ಮಿ.ಮೀ. ಸನ್‌ಬೋರ್ಡಿನಿಂದ (ಹಗುರ ಫೋಮ್ ಹಲಗೆ) 6 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಬಗ್ಗಿಸಬೇಕಾದ ಕಡೆ ಒಳಮೈಗೆ ಪ್ರತಿ 5 ಮಿ.ಮೀ.ಗೆ ಅರ್ಧ ಆಳದ ಗೀರು ಹಾಕಿ ನಿಲ್ಲಿಸುತ್ತ ಹೋಗಿ. ಗೋಡೆ ಎದ್ದ ಮೇಲೆ ಬಗ್ಗಿ ನೋಡಿದರೆ ಕಾಣುವುದು ತೊಟ್ಟಿಮನೆ. ಸುತ್ತ ಗೋಡೆ, ನಡುವೆ ಅಂಗಳ, ಅಂಗಳದಲ್ಲಿ ತುಳಸಿಕಟ್ಟೆಯಂತೆ ಆ ಚುಕ್ಕೆ, ಹೊರಗೆ ಚಾಚಿದ ತಲಕಟ್ಟು ಜಗಲಿಯ ಹಾಗೆ.

ಆದರೆ ಒಳಗೆ ಹೋಗಲು ಬಾಗಿಲಿಲ್ಲ. ವೃತ್ತ ಮುಚ್ಚಿಕೊಂಡಿದೆ. ಗೋಡೆಯನ್ನು ಕೆಳಗಡೆ ಒಡೆದರೆ ಅದು ಮಹಾಪ್ರಾಣದ ಸೀಳಿನಂತಾಗಿ, ಕಣ್ಣು ‘ಥ’ ಎಂದು ಓದಲು ಹೊರಡುತ್ತದೆ. ಪಕ್ಕದಲ್ಲಿ ಒಡೆದರೆ ಯಾವ ಅಕ್ಷರವೂ ಉಳಿಯುವುದಿಲ್ಲ. ಹಾಗಾಗಿ ಗೋಡೆ ಒಡೆಯಬೇಡಿ, ಬಾಗಿಲು ಕೊರೆಯಿರಿ. 6 ಸೆಂ.ಮೀ. ಗೋಡೆಯಲ್ಲಿ 4 ಸೆಂ.ಮೀ. ಎತ್ತರದ ಕಿಂಡಿ ಕೊರೆದು ಮೇಲೆ 2 ಸೆಂ.ಮೀ. ಲಿಂಟಲ್ ಬಿಡಿ. ಮೇಲಿನಿಂದ ನೋಡುವವರಿಗೆ ಅಕ್ಷರ ಇಡಿಯಾಗಿದೆ, ನೆಲಮಟ್ಟದಲ್ಲಿ ಕಣ್ಣಿಟ್ಟವರಿಗೆ ಒಳಗೆ ದಾರಿಯಿದೆ. ನಿಮ್ಮ ವಿಷಯದಲ್ಲಿ ‘ನಂಟು’ ಎಂಬ ಮಾತಿದೆಯಲ್ಲ, ಈ ಲಿಂಟಲ್ಲೇ ಅದು. ಓದುವುದಕ್ಕೂ ಒಳಹೊಕ್ಕುವುದಕ್ಕೂ ನಡುವಿನ ಜಗಳವನ್ನು ಕಟ್ಟಡದ ಒಂದು ಅಂಗ ಬಗೆಹರಿಸುತ್ತದೆ.

ಎರಡನೆಯ ಅಭ್ಯಾಸ ಇದಕ್ಕಿಂತ ಕಷ್ಟ. ಒಂದೇ ಗಟ್ಟಿ, ಎದುರಿನಿಂದ ‘ಕ’, ಪಕ್ಕದಿಂದ ‘ನ’. 15 ಸೆಂ.ಮೀ. ಘನದ ಥರ್ಮಾಕೋಲ್ ಗಟ್ಟಿ ತೆಗೆದುಕೊಳ್ಳಿ. ಎದುರುಮುಖಕ್ಕೂ ಹಿಂಬದಿಗೂ ‘ಕ’ದ ರಟ್ಟಿನ ಅಚ್ಚನ್ನು ಗುಂಡುಸೂಜಿಯಿಂದ ಚುಚ್ಚಿ ಬಿಸಿತಂತಿಯಿಂದ ಕತ್ತರಿಸಿ. ಹಿಂಬದಿಯ ಅಚ್ಚನ್ನು ಮಗುಚಿ ಹಾಕಬೇಕು, ಮರೆತರೆ ಎರಡೂ ಎದುರುಬದುರಾಗುವುದಿಲ್ಲ. ಕತ್ತರಿಸಿ ಬಿದ್ದ ಚೂರುಗಳನ್ನು ಎಸೆಯಬೇಡಿ. ಅವನ್ನು ಮತ್ತೆ ಜೋಡಿಸಿ ಗಟ್ಟಿಯನ್ನು ಮೊದಲಿನಂತೆ ಟೇಪಿನಿಂದ ಕಟ್ಟಿ, 90 ಡಿಗ್ರಿ ತಿರುಗಿಸಿ ‘ನ’ ಕತ್ತರಿಸಿ. ಟೇಪ್ ಬಿಚ್ಚಿದಾಗ ಉಳಿಯುವುದೇ ಶಿಲ್ಪ.

ಇಲ್ಲಿ ಕೆಡುವುದು ಮೂರು ಕಡೆ. ಒಂದು: ಯಾವ ಮಟ್ಟದಲ್ಲಿ ಕೊಯ್ದರೂ ಎರಡು ಅಕ್ಷರಗಳಿಗೂ ಅಲ್ಲಿ ಗೆರೆ ಇರಬೇಕು. ಒಂದರಲ್ಲಿ ಖಾಲಿ ಇದ್ದರೆ ಇನ್ನೊಂದು ಅಲ್ಲೇ ತುಂಡಾಗುತ್ತದೆ. ಕನ್ನಡದ ಮೂಲಾಕ್ಷರಗಳು ಮೇಲಿಂದ ಕೆಳಗೆ ಹೆಚ್ಚಾಗಿ ಕೂಡಿಕೊಂಡೇ ಇರುವುದರಿಂದ ತೊಂದರೆಯಿಲ್ಲ. ಒತ್ತಕ್ಷರ ಬಂದರೆ ಮಾತ್ರ, ಅಕ್ಷರಕ್ಕೂ ಒತ್ತಿಗೂ ನಡುವಿನ ಬಿಳಿ ಪಟ್ಟಿ ಇಡೀ ಶಿಲ್ಪವನ್ನು ಎರಡು ಹೋಳು ಮಾಡುತ್ತದೆ. ಒತ್ತನ್ನು ಮೇಲಿನ ಅಕ್ಷರಕ್ಕೆ ತಾಗಿಸಿ ಬರೆಯಿರಿ. ಎರಡು: ಮುಚ್ಚಿದ ಸುಳಿಯ ಒಳಗೆ ತಂತಿ ಹೋಗುವುದಿಲ್ಲ. ಕಾಯಿಸಿದ ಕಡ್ಡಿಯಿಂದ ತೂತು ಮಾಡಿ, ತಂತಿಯ ಒಂದು ತುದಿ ಬಿಚ್ಚಿ ಪೋಣಿಸಿ ಮತ್ತೆ ಕಟ್ಟಬೇಕು. ಮೂರು: ಕೈ ಅವಸರ ಮಾಡಿದರೆ ತಂತಿ ನಡುವೆ ಬಿಲ್ಲಿನಂತೆ ಬಾಗಿ ಹಿಂದುಳಿಯುತ್ತದೆ. ಹೊರಗೆ ಗೆರೆ ಸರಿಯಾಗಿದ್ದರೂ ಹೊಟ್ಟೆಯಲ್ಲಿ ಸುಳಿ ಚಿಕ್ಕದಾಗಿರುತ್ತದೆ. ತಂತಿ ತಾನಾಗಿ ಕರಗಿಸುತ್ತ ಹೋಗುವಷ್ಟೇ ನಿಧಾನವಾಗಿ ನಡೆಸಿ. ಕಿಟಕಿ ತೆರೆದಿರಲಿ, ಆ ಹೊಗೆ ಕುಡಿಯುವಂಥದ್ದಲ್ಲ.

ಅಕ್ಷರವನ್ನೇ ಇಟ್ಟಿಗೆ ಮಾಡಿಕೊಂಡು ಕಟ್ಟಿದ್ದನ್ನು ನೋಡಬೇಕೆಂದರೆ ಸ್ಪೇನಿನ ಶಿಲ್ಪಿ ಜೌಮೆ ಪ್ಲೆನ್ಸಾ ಅವರ ಕೆಲಸ ಗಮನಿಸಿ. ಫ್ರಾನ್ಸಿನ ಆಂಟಿಬ್ ಪಟ್ಟಣದ ಕಡಲ ಕೋಟೆಯ ಮೇಲೆ ಕೂತಿರುವ ಅವರ ‘ನೊಮಾಡ್’ ಸುಮಾರು 8 ಮೀಟರ್ ಎತ್ತರದ ಮನುಷ್ಯಾಕೃತಿ. ಮೈಯೆಲ್ಲ ಬಿಳಿಯ ಲೋಹದ ರೋಮನ್ ಅಕ್ಷರಗಳು, ಒಳಗೆ ಟೊಳ್ಳು, ನೋಡುವವರು ಹೊಟ್ಟೆಯೊಳಗೆ ಹೋಗಿ ನಿಲ್ಲಬಹುದು. ಅಕ್ಷರಗಳ ಅಂಚು ಅಂಚಿಗೆ ಬೆಸೆದಲ್ಲೆಲ್ಲ ಗೋಡೆ, ಬೆಸೆಯದೆ ಬಿಟ್ಟಲ್ಲೆಲ್ಲ ಕಿಟಕಿ.

ಲೇಸರ್ ಕಟಿಂಗ್‌ಗೆ ಕೊಟ್ಟ ಫೈಲಿನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂತು. ಇನ್ನೊಮ್ಮೆ ಅಕ್ಷರದ ಒಳಗೇ ಅಡ್ಡಗೆರೆ ಕತ್ತರಿಸಿತು. ಯಾವ ಫಾಂಟ್ ಬಳಸಬೇಕು?
— ಗ್ರಾಫಿಕ್ ಡಿಸೈನರ್, ದಾವಣಗೆರೆ

ಫಾಂಟಿನ ತಪ್ಪಲ್ಲ. ಕನ್ನಡ ಯೂನಿಕೋಡ್ ಸರಿಯಾಗಿ ಮೂಡಬೇಕಾದರೆ ಅಕ್ಷರ ಕೂಡಿಸುವ ಕೆಲಸವನ್ನು ಸಾಫ್ಟ್‌ವೇರ್ ಮಾಡಬೇಕು. ನಕ್ಷೆ ಬರೆಯುವ ಅನೇಕ ಕ್ಯಾಡ್ ಪ್ರೋಗ್ರಾಂಗಳಿಗೆ ಅದು ಬಾರದು. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ, ಅಕ್ಷರವನ್ನು ಪಾತ್ (ಬರೀ ಗೆರೆಯ ಆಕಾರ) ಆಗಿ ಪರಿವರ್ತಿಸಿ, ಆಮೇಲೆ ಕತ್ತರಿಸುವ ಯಂತ್ರಕ್ಕೆ ಕೊಡುವ ಡಿಎಕ್ಸ್‌ಎಫ್ ಫೈಲು ತೆಗೆಯಿರಿ. ಒಳಗಿನ ಅಡ್ಡಗೆರೆಗೆ ಕಾರಣ ಬೇರೆ: ಹೊಸ ಫಾಂಟ್‌ಗಳಲ್ಲಿ, ಅದರಲ್ಲೂ ಗೆರೆಯ ದಪ್ಪ ಬದಲಿಸಿಕೊಳ್ಳಬಹುದಾದ ವೇರಿಯಬಲ್ ಫಾಂಟ್‌ಗಳಲ್ಲಿ, ಒಂದು ಅಕ್ಷರವನ್ನು ಒಂದರ ಮೇಲೊಂದು ಹತ್ತಿದ ತುಂಡುಗಳಿಂದ ಕಟ್ಟಿರುತ್ತಾರೆ. ಪರದೆಯ ಮೇಲೆ ಕಪ್ಪಗೆ ತುಂಬಿ ಕಾಣುವುದರಿಂದ ಗೊತ್ತಾಗದು. ಲೇಸರ್‌ಗೆ ಪ್ರತಿ ತುಂಡಿನ ಅಂಚೂ ಒಂದು ಗೆರೆ. ಎಲ್ಲವನ್ನೂ ಆರಿಸಿ ಯೂನಿಯನ್ ಕೊಟ್ಟು ಒಂದೇ ಆಕಾರ ಮಾಡಿ, ಬಣ್ಣ ತೆಗೆದು ಬರೀ ಗೆರೆ ಮಾಡಿ ಒಮ್ಮೆ ನೋಡಿ, ಆಮೇಲೆ ಕಳಿಸಿ.

ದಪ್ಪ ಕೆಲಸಕ್ಕೆ ‘ಅನೇಕ್ ಕನ್ನಡ’ ಫಾಂಟ್ ಒಳ್ಳೆಯದು, ತೂಕ (ಗೆರೆಯ ದಪ್ಪ) ಮತ್ತು ಅಗಲ ಎರಡನ್ನೂ ಬೇಕಾದಂತೆ ಹೊಂದಿಸಬಹುದು. ಮೃದುವಾದ ತುದಿ ಬೇಕಿದ್ದರೆ ಬಾಲೂ ತಮ್ಮ. ಗೆರೆಯ ದಪ್ಪ ಒಂದೆಡೆ ಕೂದಲಿನಷ್ಟು, ಒಂದೆಡೆ ಬೆರಳಿನಷ್ಟು ಇರುವ ಪುಸ್ತಕದ ಫಾಂಟ್‌ಗಳನ್ನು ಲೋಹಕ್ಕೆ ತರಬೇಡಿ, ಸಣ್ಣ ಕಡೆ ಕಾವಿಗೆ ಸೊಟ್ಟಗಾಗುತ್ತದೆ.

ನಮ್ಮ ಮೂರು ಅಂತಸ್ತಿನ ಶಾಲೆಯ ನೆತ್ತಿಯ ಮೇಲೆ ‘ಪ್ರೌಢಶಾಲೆ’ ಎಂಬ ಬಿಡಿ ಅಕ್ಷರ ನಿಲ್ಲಿಸಿದ್ದೇವೆ. ರಸ್ತೆಯ ಆಚೆಯಿಂದ ಸರಿ ಕಾಣುತ್ತದೆ. ಗೇಟಿನ ಹತ್ತಿರ ಬಂದರೆ ‘ಪೌಡಶಾಲೆ’ ಎಂದು ಓದಿಸುತ್ತದೆ. ಮಕ್ಕಳು ಆಡಿಕೊಳ್ಳುತ್ತಿದ್ದಾರೆ. ಅಕ್ಷರದ ಗಾತ್ರ ಸಾಲದೇ?
— ಶಾಲಾ ಅಭಿವೃದ್ಧಿ ಸಮಿತಿಯ ಸದಸ್ಯರು, ಹಾವೇರಿ

ನೀವು ಕಳಿಸಿದ ಅಳತೆಯಲ್ಲೇ ಉತ್ತರವಿದೆ. ಅಕ್ಷರದ ಬುಡ ನೆಲದಿಂದ 10.5 ಮೀಟರ್ ಮೇಲಿದೆ, ಸಜ್ಜೆಯ ಅಂಚಿನಿಂದ 30 ಸೆಂ.ಮೀ. ಒಳಗೆ ನಿಲ್ಲಿಸಿದ್ದೀರಿ. ಗೇಟು ಗೋಡೆಯಿಂದ 15 ಮೀಟರ್. ನೋಡುವವರ ಕಣ್ಣು 1.5 ಮೀಟರಿನಲ್ಲಿದ್ದರೆ 9 ಮೀಟರ್ ಮೇಲಕ್ಕೆ, 15 ಮೀಟರ್ ಮುಂದಕ್ಕೆ ನೋಡಬೇಕು, ಅನುಪಾತ 0.6. 30 ಸೆಂ.ಮೀ.ಗೆ ಅದನ್ನು ಗುಣಿಸಿದರೆ 18 ಸೆಂ.ಮೀ. ಅಷ್ಟು ಎತ್ತರವನ್ನು ಸಜ್ಜೆ ನುಂಗುತ್ತದೆ. ನಿಮ್ಮ ಅಕ್ಷರದ ಮೈ 40 ಸೆಂ.ಮೀ., ರಕಾರದ ಒತ್ತು ಅದರ ಕೆಳಗೆ ಸುಮಾರು 18 ಸೆಂ.ಮೀ. ಒತ್ತು ಪೂರ್ತಿ ಮರೆಯಾಯಿತು, ‘ಪ್ರೌ’ ಹೋಗಿ ‘ಪೌ’ ಆಯಿತು. ರಸ್ತೆಯ ಆಚೆ 40 ಮೀಟರಿನಿಂದ ನೋಡಿದರೆ ಅನುಪಾತ 0.225ಕ್ಕೆ ಇಳಿಯುತ್ತದೆ, ಮರೆಯಾಗುವುದು 7 ಸೆಂ.ಮೀ. ಮಾತ್ರ. ಅದಕ್ಕೇ ಅಲ್ಲಿಂದ ಸರಿ.

ರೋಮನ್ ಅಕ್ಷರಕ್ಕೆ ಈ ಕಷ್ಟ ಇಷ್ಟಿಲ್ಲ, ಅದರ ದೊಡ್ಡಕ್ಷರಗಳೆಲ್ಲ ಒಂದೇ ನೆಲದ ಮೇಲೆ ನಿಲ್ಲುತ್ತವೆ. ಕನ್ನಡಕ್ಕೆ ಮೂರು ಅಂತಸ್ತು: ಮೇಲೆ ಗುಡಿಸು ಮತ್ತು ತಲಕಟ್ಟು, ನಡುವೆ ಮೈ, ಕೆಳಗೆ ನೆಲಮಾಳಿಗೆಯ ಹಾಗೆ ಒತ್ತು. ನೆಲಮಾಳಿಗೆ ಇರುವ ಮನೆಯನ್ನು ಸಜ್ಜೆಯ ಹಿಂದೆ ಕಟ್ಟಿದರೆ ಅದು ಕಾಣುವುದಿಲ್ಲ.

ಪರಿಹಾರ ಎರಡು. ಅಕ್ಷರಗಳನ್ನು ಸಜ್ಜೆಯ ಅಂಚಿಗೇ ತರುವುದು, ಇಲ್ಲವೇ 25 ಮಿ.ಮೀ. ಜಿಐ ಪೈಪಿನ ಕಾಲು ಕೊಟ್ಟು 20 ಸೆಂ.ಮೀ. ಎತ್ತರಿಸುವುದು. ಎತ್ತರಿಸಿದರೆ ಹಿಂದಿನಿಂದ ಓರೆ ಆಸರೆ ಕೊಡಲೇಬೇಕು, ಗಾಳಿಗೆ ಕಾಲು ಬಾಗುತ್ತದೆ.

‘ಢ’ ‘ಡ’ ಆದದ್ದಕ್ಕೆ ಕಾರಣ ಅಕ್ಷರದ ಆಳ. ನೀವು 15 ಸೆಂ.ಮೀ. ಆಳದ ಡಬ್ಬಿ ಮಾಡಿಸಿದ್ದೀರಿ. ಕೆಳಗಿನಿಂದ ನೋಡುವಾಗ ಅಕ್ಷರದ ತಳದ ದಪ್ಪವೇ ಕಣ್ಣಿಗೆ ಬೀಳುತ್ತದೆ. ಬುಡದಲ್ಲಿರುವ ಸಣ್ಣ ಸೀಳು ಸಜ್ಜೆಯ ಮರೆ ಮತ್ತು ತನ್ನದೇ ನೆರಳಿನ ನಡುವೆ ಮುಚ್ಚಿಹೋಗುತ್ತದೆ. ಸೊನ್ನೆಯ ಗತಿಯೂ ಅಷ್ಟೆ: 20 ಸೆಂ.ಮೀ. ಸೊನ್ನೆಗೆ 6 ಸೆಂ.ಮೀ. ಗೆರೆಯಾದರೆ ಒಳಗಿನ ತೂತು 8 ಸೆಂ.ಮೀ., 15 ಸೆಂ.ಮೀ. ಆಳ ಅದರಲ್ಲಿ 9 ಸೆಂ.ಮೀ. ಮುಚ್ಚುತ್ತದೆ, ತೂತೇ ಇಲ್ಲ. ಆಳ 5 ಸೆಂ.ಮೀ. ಇದ್ದರೆ ಮುಚ್ಚುವುದು 3 ಸೆಂ.ಮೀ. ಎತ್ತರದ ಅಕ್ಷರಕ್ಕೆ ಆಳ ಗೆರೆಯ ದಪ್ಪಕ್ಕಿಂತ ಹೆಚ್ಚಿರಬಾರದು.

ಗಾತ್ರದ ಬಗ್ಗೆ ಕೇಳಿದ್ದೀರಿ. ಬೋರ್ಡ್ ಮಾಡುವವರು ಇಟ್ಟುಕೊಂಡಿರುವ ಲೆಕ್ಕ, 3 ಮೀಟರ್ ದೂರಕ್ಕೆ 25 ಮಿ.ಮೀ. ಎತ್ತರ. 40 ಮೀಟರಿಗೆ 33 ಸೆಂ.ಮೀ. ಬರುತ್ತದೆ. ಅದು ರೋಮನ್ ದೊಡ್ಡಕ್ಷರದ ಲೆಕ್ಕ. ಕನ್ನಡದಲ್ಲಿ ಗುಡಿಸು, ಒತ್ತು ಬಿಟ್ಟು ಬರೀ ಮೈಗೆ ಅದನ್ನು ಅನ್ವಯಿಸಿ ಇನ್ನೂ ಕಾಲು ಭಾಗ ಸೇರಿಸಿ. ನಿಮ್ಮ 40 ಸೆಂ.ಮೀ. ಸರಿಯಾಗಿಯೇ ಇದೆ. ಮೇಲೆ ಹೋದಷ್ಟೂ ಅಕ್ಷರ ದೊಡ್ಡದಾಗಬೇಕೆಂಬ ತಿಳಿವು ಬಲು ಹಳೆಯದು. ಕ್ರಿ.ಶ. 113ರ ರೋಮಿನ ಟ್ರೇಜನ್ ಸ್ತಂಭದ ಪೀಠದಲ್ಲಿ ಮೇಲಿನ ಸಾಲಿನ ಅಕ್ಷರಗಳು ಕೆಳಗಿನವಕ್ಕಿಂತ ತುಸು ದೊಡ್ಡವು. ಬೆಂಗಳೂರಿಗೆ ಬಂದಾಗ ವಿಧಾನಸೌಧದ ಮುಂದೆ ನಿಂತು, 1956ರಲ್ಲಿ ಮುಗಿದ ಆ ಕಟ್ಟಡದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಸಾಲನ್ನು ರಸ್ತೆಯಿಂದ ಒಮ್ಮೆ, ಮೆಟ್ಟಿಲ ಬುಡದಿಂದ ಒಮ್ಮೆ ಓದಿ. ಆ ವಾಕ್ಯದಲ್ಲಿ ಒತ್ತು ಎಷ್ಟು ಕಡಿಮೆ ಎಂಬುದನ್ನೂ ಗಮನಿಸಿ.

ತಾಳಗುಂದದ ಕಂಬದಲ್ಲಿ ಶಾಸನದ ಸಾಲುಗಳು ಅಡ್ಡಕ್ಕಿಲ್ಲ, ಉದ್ದಕ್ಕೆ ಓಡುತ್ತವೆ. ಕೆತ್ತಿದ ಮೇಲೆ ಕಂಬವನ್ನು ತಪ್ಪಾಗಿ ನಿಲ್ಲಿಸಿದರೇ?
— ಪ್ರೌಢಶಾಲಾ ಶಿಕ್ಷಕರು, ಶಿಕಾರಿಪುರ

ತಪ್ಪಲ್ಲ. ಪ್ರಣವೇಶ್ವರ ಗುಡಿಯ ಮುಂದಿನ ಆ ಕಂಬ ಎಂಟು ಮುಖದ ಗ್ರಾನೈಟ್, ಬುಡದಲ್ಲಿ ಒಂದೊಂದು ಮುಖದ ಅಗಲ ಒಂದು ಗೇಣಿಗಿಂತಲೂ ಕಡಿಮೆ. ಕದಂಬರ ವಂಶದ ಕಥೆ ಹೇಳುವ ಸಂಸ್ಕೃತ ಕಾವ್ಯವನ್ನು ಅಡ್ಡಡ್ಡಲಾಗಿ ಕೆತ್ತಿದ್ದರೆ ಪ್ರತಿ ಐದಾರು ಅಕ್ಷರಕ್ಕೆ ಒಂದು ಮೂಲೆ ಎದುರಾಗಿ ಪದ್ಯದ ಪಾದ ಮುರಿಯುತ್ತಿತ್ತು. ಕವಿ ಕುಬ್ಜ ಸಾಲುಗಳನ್ನು ಬುಡದಿಂದ ಮೇಲಕ್ಕೆ ಓಡಿಸಿದ್ದಾನೆ. ಒಂದೊಂದು ಮುಖ ಒಂದೊಂದು ಉದ್ದನೆಯ ಓಲೆಗರಿಯಂತಾಗಿದೆ. ಕಂಬ ನೆಲದಿಂದ ಆಕಾಶಕ್ಕೆ ಏಳುವ ದಿಕ್ಕೂ ಮಾತು ಓಡುವ ದಿಕ್ಕೂ ಒಂದೇ. ಪುಟಕ್ಕೆ ಬರೆದದ್ದನ್ನು ತಂದು ಅಂಟಿಸಿದ ಕೆಲಸವಲ್ಲ, ಕಂಬದ ಆಕಾರ ನೋಡಿಯೇ ಮಾಡಿದ ಕೆಲಸ.

ಇದರಿಂದ ಇವತ್ತಿಗೂ ಒಂದು ಉಪಯೋಗವಿದೆ. ಕಂಬದ ಮೇಲೆ ಕನ್ನಡ ಹೆಸರು ಬರೆಯುವಾಗ ಅಕ್ಷರದ ಕೆಳಗೆ ಅಕ್ಷರ ಪೇರಿಸುತ್ತಾರೆ. ‘ಸಮುದ್ರ’ ಎಂಬುದನ್ನು ಹಾಗೆ ಪೇರಿಸಿದರೆ ಕೊನೆಯ ಒತ್ತು ಬುಡಕ್ಕೆ ಬಡಿಯುತ್ತದೆ. ‘ಪುಸ್ತಕ’ವಾದರೆ ತಕಾರದ ಒತ್ತು ಕೆಳಗಿನ ‘ಕ’ದ ತಲಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ತಪ್ಪಿಸಲು ಸಾಲಿನ ಅಂತರ ಹಿಗ್ಗಿಸಿದರೆ ಪದ ಚೆದುರುತ್ತದೆ. ತಾಳಗುಂದದ ದಾರಿ ಹಿಡಿದು ಇಡೀ ಸಾಲನ್ನೇ ತಿರುಗಿಸಿ. ತಲೆ ಕೊಂಚ ವಾಲಿಸಿ ಓದಬೇಕಾಗುತ್ತದೆ, ಆದರೆ ಪದ ಒಡೆಯುವುದಿಲ್ಲ.

ಮಕ್ಕಳನ್ನು ಕರೆದೊಯ್ದಾಗ ಇನ್ನೊಂದು ಬಗೆಯ ಅಕ್ಷರವನ್ನೂ ತೋರಿಸಿ: ಬೇಲೂರಿನಲ್ಲಿ ಶಿಲ್ಪಿಗಳು ಮೂರ್ತಿಯ ಪೀಠದಲ್ಲೇ ಕೆತ್ತಿದ ಹೆಸರುಗಳು. ಅಲ್ಲಿ ಮದನಿಕೆಯರನ್ನು ಕಡೆದ ದಾಸೋಜ ನಿಮ್ಮ ತಾಲ್ಲೂಕಿನ ಬಳ್ಳಿಗಾವಿಯವನೇ.

ಒಂದು ವಚನದ ಸಾಲನ್ನು 18 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಿಂದ ಜಾಲರಿಯಾಗಿ ಕೊರೆಸಿದೆ. ಠ, ರ, ಸೊನ್ನೆಗಳ ಒಳತುಂಡು ಉದುರಿಬಿದ್ದವು. ‘ಧ’ ಎಲ್ಲ ‘ದ’ ಆಗಿವೆ.
— ಬಡಗಿ, ವಿಜಯಪುರ

ನಿಮ್ಮ ಊರಿನಲ್ಲೇ ಇದಕ್ಕೆ ಪಾಠವಿದೆ. 17ನೇ ಶತಮಾನದ ಇಬ್ರಾಹಿಂ ರೋಜಾದ ಕಿಟಕಿಗಳನ್ನು ಹೋಗಿ ನೋಡಿ. ಕಲ್ಲಿನಲ್ಲಿ ಅರೇಬಿಕ್ ಬರಹ ಕೊರೆದಿದ್ದಾರೆ, ಆದರೆ ಕೊರೆದದ್ದು ಅಕ್ಷರವನ್ನಲ್ಲ, ಅಕ್ಷರಗಳ ನಡುವಿನ ಜಾಗವನ್ನು. ಬೆಳಕು ಒಳಬರುವುದು ಖಾಲಿ ಜಾಗದಿಂದ, ಅಕ್ಷರ ಕಲ್ಲಾಗಿಯೇ ಉಳಿದು ಒಂದಕ್ಕೊಂದು ಹೆಣೆದುಕೊಂಡು ಚೌಕಟ್ಟಿಗೆ ಆತುಕೊಂಡಿದೆ. ಹಾಗಾಗಿ ಉದುರುವ ತುಂಡೇ ಇಲ್ಲ.

ಕನ್ನಡಕ್ಕೆ ಇದನ್ನು ತರುವಾಗ ತೊಡಕು ಒಂದೇ, ನಮ್ಮ ಅಕ್ಷರಗಳು ಒಂದಕ್ಕೊಂದು ಅಂಟಿಲ್ಲ. ಅಂಟಿಸಲು ಮೂರು ಜಾಗ ಸಿಗುತ್ತವೆ. ತಲಕಟ್ಟಿನ ಬಲತುದಿಯನ್ನು ಮುಂದಿನ ಅಕ್ಷರಕ್ಕೆ 10 ಮಿ.ಮೀ. ಅಗಲದಲ್ಲಿ ತಾಗಿಸಬಹುದು. ಒತ್ತಿನ ಬಾಲವನ್ನು ಕೆಳಸಾಲಿನ ಗುಡಿಸಿಗೆ ಸೇರಿಸಬಹುದು. ಸಾಲಿನ ಎರಡು ಕೊನೆಗಳನ್ನು ಚೌಕಟ್ಟಿಗೆ ಒಯ್ಯಬಹುದು. ತಲಕಟ್ಟುಗಳನ್ನೆಲ್ಲ ಒಂದೇ ಉದ್ದ ಪಟ್ಟಿಯಾಗಿ ಎಳೆಯಬೇಡಿ, ನಾಗರಿಯಂತೆ ಕಾಣುತ್ತದೆ. ಅಲ್ಲದೆ ಜ, ಣ, ಬ, ಲ ಇವಕ್ಕೆ ತಲಕಟ್ಟೇ ಇಲ್ಲ, ಅಲ್ಲಿ ಪಟ್ಟಿ ಸುಳ್ಳಾಗುತ್ತದೆ. ಅವನ್ನು ಮೈಯ ನಡುಮಟ್ಟದಲ್ಲಿ ಪಕ್ಕದ ಅಕ್ಷರಕ್ಕೆ ತಾಗಿಸಿ. ‘ಠ’ದ ಚುಕ್ಕೆ ಮಾತ್ರ ಈ ವಿಧಾನದಲ್ಲಿ ತೇಲುತ್ತದೆ. ಅದಕ್ಕೆ ಕೆಳಗಿನಿಂದ ಒಂದು 8 ಮಿ.ಮೀ. ತೊಟ್ಟು ಕೊಡಿ. ಹೂವಿನ ಮೊಗ್ಗಿನಂತೆ ಕಂಡು ಓದಿಗೆ ಅಡ್ಡಿಯಾಗುವುದಿಲ್ಲ.

‘ಧ’ದ ಸೀಳು ಹೋದದ್ದು ಕೊರೆಯುವ ಬಿಟ್‌ನಿಂದ. 6 ಮಿ.ಮೀ. ಬಿಟ್ 6 ಮಿ.ಮೀ.ಗಿಂತ ಸಣ್ಣ ಸಂದಿಯೊಳಗೆ ಹೋಗಲಾರದು, ಯಂತ್ರ ಸದ್ದಿಲ್ಲದೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಸೀಳನ್ನು ಕೈಯಿಂದ 7 ಮಿ.ಮೀ.ಗೆ ಹಿಗ್ಗಿಸಿ ಬರೆಯಿರಿ. ಪೇಂಟ್ ಹಚ್ಚುವುದಿದ್ದರೆ 8. ಅಷ್ಟು ಜಾಗ ಸಿಗಬೇಕಾದರೆ ಅಕ್ಷರದ ಮೈ ಸುಮಾರು 14 ಸೆಂ.ಮೀ. ಇರಬೇಕು. ಚಿಕ್ಕದೇ ಬೇಕೆಂದರೆ 3 ಮಿ.ಮೀ. ಬಿಟ್ ಹಾಕಿ 12 ಮಿ.ಮೀ. ಹಲಗೆಗೆ ಇಳಿಯಿರಿ, ಒಮ್ಮೆಗೆ 1.5 ಮಿ.ಮೀ.ಗಿಂತ ಆಳ ಬೇಡ. 18 ಮಿ.ಮೀ. ಹಲಗೆಯಲ್ಲಿ ಆ ಬಿಟ್ ಮುರಿಯುತ್ತದೆ.

ಎಂಡಿಎಫ್‌ನ ಕೊರೆದ ಅಂಚು ನೀರು ಹೀರಿ ಉಬ್ಬುತ್ತದೆ. ಎರಡು ಕೋಟ್ ಸೀಲರ್ ಮೊದಲು ಅಂಚಿಗೆ, ಆಮೇಲೆ ಮುಖಕ್ಕೆ. ತೇವ ಇರುವ ಗೋಡೆಯಾದರೆ ಎಚ್‌ಡಿಎಚ್‌ಎಂಆರ್ ಎಂಬ ತೇವ ತಡೆಯುವ ಹಲಗೆ ತೆಗೆದುಕೊಳ್ಳಿ.

ಕಡಲದಂಡೆಯಲ್ಲಿ ಊರಿನ ಹೆಸರನ್ನು 2 ಮೀಟರ್ ಎತ್ತರದ ಲೋಹದ ಅಕ್ಷರಗಳಲ್ಲಿ ನಿಲ್ಲಿಸುವ ಯೋಜನೆಯಿದೆ. ಅಮೆರಿಕದ ‘ಲವ್’ ಶಿಲ್ಪದಂತೆ ತುಕ್ಕುಬಣ್ಣದ ಉಕ್ಕು ಬಳಸಬಹುದೇ? ಅಡಿಪಾಯ ಎಷ್ಟು ಬೇಕು?
— ಯುವಕ ಮಂಡಲದ ಕಾರ್ಯದರ್ಶಿ, ಮಂಗಳೂರು

ರಾಬರ್ಟ್ ಇಂಡಿಯಾನಾ ಅವರ 1970ರ ‘ಲವ್’ 12 ಅಡಿ ಎತ್ತರದ ಕಾರ್ಟೆನ್ ಉಕ್ಕಿನದು. ಆ ಉಕ್ಕಿನ ಮೇಲೆ ಮೊದಲು ಕೂರುವ ತುಕ್ಕೇ ಗಟ್ಟಿ ಪೊರೆಯಾಗಿ ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಪೊರೆ ಗಟ್ಟಿಯಾಗಲು ನೆನೆಯುವುದು, ಒಣಗುವುದು ಸರದಿಯಂತೆ ನಡೆಯಬೇಕು. ಉಪ್ಪಿನ ಗಾಳಿಯಲ್ಲಿ ಅದು ಗಟ್ಟಿಯಾಗದೆ ಪದರಪದರವಾಗಿ ಏಳುತ್ತಲೇ ಇರುತ್ತದೆ. ಕಡಲದಂಡೆಗೆ ಬೇಡ. ಸ್ಟೇನ್‌ಲೆಸ್ ಸ್ಟೀಲ್ 316 ತನ್ನಿ. 304 ಅಗ್ಗ, ಆದರೆ ಅದರ ಮೇಲೆ ಚಹಾಕಲೆಯಂಥ ಚುಕ್ಕೆ ಬೇಗ ಬೀಳುತ್ತದೆ. ಒಳಗಿನ ಚೌಕಟ್ಟಿಗೆ ಸಾದಾ ಕಬ್ಬಿಣ ಹಾಕಿ ಹೊರಗೆ ಸ್ಟೇನ್‌ಲೆಸ್ ಹೊದೆಸುವ ಉಳಿತಾಯದ ಉಪಾಯವನ್ನು ಒಪ್ಪಬೇಡಿ. ಎರಡು ಲೋಹ ತಾಗಿದಲ್ಲಿ ಉಪ್ಪುನೀರು ಸೇರಿದರೆ ಕಬ್ಬಿಣವನ್ನು ತಿಂದುಹಾಕುತ್ತದೆ, ಹೊರಗೆ ಹೊಳಪು ಹಾಗೇ ಇರುವುದರಿಂದ ಅಕ್ಷರ ವಾಲುವ ತನಕ ಗೊತ್ತಾಗುವುದಿಲ್ಲ.

ಗಾಳಿಯ ಲೆಕ್ಕ: ಗಾಳಿಯ ಹೊರೆಗೆ ಇರುವ ಭಾರತೀಯ ಮಾನಕ ಐಎಸ್ 875 ಭಾಗ 3ರ ಪ್ರಕಾರ ಮಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 913 ನ್ಯೂಟನ್. 2 ಮೀಟರ್ ಎತ್ತರ, 1.8 ಮೀಟರ್ ಅಗಲದ ಅಕ್ಷರದಲ್ಲಿ ಗೆರೆ ತುಂಬಿದ ಭಾಗ ಶೇ. 60 ಎಂದು ಹಿಡಿದರೆ 2.16 ಚದರ ಮೀಟರ್. ಆಕಾರದ ಗುಣಕ 1.2 ಸೇರಿಸಿದರೆ ಸುಮಾರು 2,370 ನ್ಯೂಟನ್, ಅಂದರೆ 240 ಕಿಲೋ ತೂಕದಷ್ಟು ನೂಕು, ಅಕ್ಷರದ ನಡುಮಟ್ಟದಲ್ಲಿ. ಬುಡ ಮಗುಚದಿರಲು ಎರಡು ಪಟ್ಟು ಭದ್ರತೆ ಇಟ್ಟುಕೊಂಡರೆ, ಹಿಂದಕ್ಕೂ ಮುಂದಕ್ಕೂ ಸೇರಿ 1.2 ಮೀಟರ್ ಅಗಲದ ಪಾದಕ್ಕೆ ಸುಮಾರು 1,000 ಕಿಲೋ ತೂಕ ಬೇಕು. 1.8 ಮೀಟರ್ ಉದ್ದ, 1.2 ಮೀಟರ್ ಅಗಲ, 25 ಸೆಂ.ಮೀ. ದಪ್ಪದ ಕಾಂಕ್ರೀಟ್ ಸುಮಾರು 1,300 ಕಿಲೋ ತೂಗುತ್ತದೆ. ಇದು ಪ್ರತಿ ಅಕ್ಷರಕ್ಕೆ. ತೆರೆದ ಕಡಲಂಚಿಗೆ ಇನ್ನೂ ಸೇರಿಸಬೇಕು, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇಲ್ಲದೆ ಕೆಲಸ ಶುರುಮಾಡಬೇಡಿ.

ಕನ್ನಡಕ್ಕೇ ವಿಶೇಷವಾದ ಎರಡು ಮಾತು. ನಮ್ಮ ಅಕ್ಷರಗಳ ತುಂಬ ಬಟ್ಟಲುಗಳಿವೆ. ‘ರ’ದ ಒಳತಳ, ಸೊನ್ನೆಯ ಒಳತಳ, ಕೊಂಬಿನ ಕೊಕ್ಕೆ ಎಲ್ಲದರಲ್ಲೂ ಮಳೆನೀರು, ಎಲೆ, ಮರಳು ನಿಲ್ಲುತ್ತವೆ. ಒಳತಳವನ್ನು ಮುಂದಕ್ಕೆ 3 ಡಿಗ್ರಿ ಇಳಿಜಾರು ಮಾಡಿಸಿ, ಟೊಳ್ಳು ಡಬ್ಬಿಯ ಅತಿ ಕೆಳಗಿನ ಬಿಂದುವಿನಲ್ಲಿ 10 ಮಿ.ಮೀ. ತೂತು ಬಿಡಿ. ಇನ್ನೊಂದು ಮಕ್ಕಳ ವಿಚಾರ. ಅವರು ಹತ್ತಿಯೇ ಹತ್ತುತ್ತಾರೆ. 9ರಿಂದ 23 ಸೆಂ.ಮೀ. ನಡುವಿನ ತೂತಿನಲ್ಲಿ ಮಗುವಿನ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. 2 ಮೀಟರ್ ಅಕ್ಷರದ ಸೊನ್ನೆ, ಸುಳಿಗಳು ಸರಿಯಾಗಿ ಆ ಅಳತೆಗೇ ಬರುತ್ತವೆ. ಅವನ್ನು 8 ಸೆಂ.ಮೀ.ಗಿಂತ ಚಿಕ್ಕದು ಮಾಡಿ, ಇಲ್ಲವೇ 25 ಸೆಂ.ಮೀ.ಗಿಂತ ದೊಡ್ಡದು ಮಾಡಿ, ಇಲ್ಲವೇ ಹಿಂದೆ ತಗಡು ಮುಚ್ಚಿ.

ಬಾಗಿಲ ಮೇಲಿನ ಕಲ್ಲಿನಲ್ಲಿ ‘ಲಕ್ಷ್ಮೀ ನಿಲಯ’ ಎಂದು ಕೆತ್ತಿಸಬೇಕು. ಕಲ್ಲು 120 ಸೆಂ.ಮೀ. ಉದ್ದ, 30 ಸೆಂ.ಮೀ. ಎತ್ತರ. 20 ಸೆಂ.ಮೀ. ಅಕ್ಷರ ಬೇಕೆಂದರೆ ಕೆತ್ತುವವರು ಆಗದು ಎನ್ನುತ್ತಾರೆ.
— ನಿವೃತ್ತ ನೌಕರರು, ಮೈಸೂರು

ಅವರ ಮಾತು ನಿಜ. ‘ಕ್ಷ್ಮೀ’ ಒಂದನ್ನೇ ಕಾಗದದ ಮೇಲೆ ಬರೆದು ನೋಡಿ. ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಷಕಾರದ ಒತ್ತು, ಮಕಾರದ ಒತ್ತು. ಮೈ 1 ಎಂದರೆ ಮೇಲಕ್ಕೆ 0.4, ಕೆಳಕ್ಕೆ 0.8 ಬೇಕು, ಒಟ್ಟು 2.2. ಕಲ್ಲಿನ ಮೇಲೆ ಕೆಳಗೆ ತಲಾ 4 ಸೆಂ.ಮೀ. ಅಂಚು ಬಿಟ್ಟರೆ ಉಳಿಯುವುದು 22. ಮೈ 10 ಸೆಂ.ಮೀ. ಬರುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ‘ನಿಲಯ’ಕ್ಕೆ ಒತ್ತಿಲ್ಲದ್ದರಿಂದ ಅದರ ಕೆಳಗೆ ಖಾಲಿ ಉಳಿಯುತ್ತದೆ. ಅಲ್ಲಿ ಹೂಬಳ್ಳಿ ತುಂಬಿಸುತ್ತಾರೆ, ಬೇಡವೆನ್ನಿ. ಬಳ್ಳಿಯೂ ಒತ್ತಿನಂತೆ ಕಂಡು ಓದು ಕೆಡುತ್ತದೆ.

10 ಸೆಂ.ಮೀ. ಮೈಗೆ ಗೆರೆಯ ದಪ್ಪ 14 ಮಿ.ಮೀ. ಇಂಗ್ಲಿಷಿನ ‘ವಿ’ ಆಕಾರದಲ್ಲಿ ತೋಡಿಸಿ. 90 ಡಿಗ್ರಿ ತೋಡಾದರೆ ಆಳ 7 ಮಿ.ಮೀ., 60 ಡಿಗ್ರಿಯಾದರೆ 12 ಮಿ.ಮೀ. ಬಳಪದ ಕಲ್ಲಿಗೆ 60 ತಾಳುತ್ತದೆ, ಹೊಯ್ಸಳರ ಅಷ್ಟು ನಯದ ಕೆತ್ತನೆ ಸಾಧ್ಯವಾದದ್ದು ಆ ಕಲ್ಲಿನ ಮೃದುತನದಿಂದಲೇ. ಗ್ರಾನೈಟಿಗೆ 90 ಸಾಕು. ಒತ್ತಿಗೂ ಮೈಗೂ ನಡುವೆ 5 ಮಿ.ಮೀ.ಗಿಂತ ಕಡಿಮೆ ಕಲ್ಲು ಉಳಿದರೆ ಚಕ್ಕೆ ಎದ್ದು ಎರಡೂ ಕೂಡಿಹೋಗುತ್ತವೆ. ಉಳಿಯನ್ನು ಗೆರೆಯ ತುದಿಯಿಂದ ಒಳಕ್ಕೆ ಹೊಡೆಯಬೇಕು, ಒಳಗಿನಿಂದ ತುದಿಗೆ ಹೊಡೆದರೆ ಮೂಲೆ ಹಾರುತ್ತದೆ.

ತೋಡಿದ ಅಕ್ಷರವನ್ನು ಓದಿಸುವುದು ನೆರಳು. ನಿಮ್ಮ ಬಾಗಿಲು ಪೂರ್ವಕ್ಕಿದ್ದರೆ ಬೆಳಗಿನ ಬಿಸಿಲು ನೇರ ಮುಖಕ್ಕೆ ಬಿದ್ದು ತೋಡು ತುಂಬಿಹೋದಂತೆ ಕಾಣುತ್ತದೆ, ಹತ್ತು ಗಂಟೆಯ ಮೇಲೆ ಬಿಸಿಲು ಮೇಲಿನಿಂದ ಸವರತೊಡಗಿದಾಗ ಅಕ್ಷರ ಏಳುತ್ತದೆ. ಉತ್ತರಕ್ಕಿದ್ದರೆ ಮೈಸೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ ಮಧ್ಯಾಹ್ನದ ಬಿಸಿಲು ಆ ಗೋಡೆಗೆ ತಾಗುತ್ತದೆ. ಉಳಿದ ತಿಂಗಳು ನೆರಳಿಲ್ಲ, ತೋಡಿನೊಳಗೆ ಬಣ್ಣ ಹಚ್ಚಿಸಲೇಬೇಕು.

ಕಪ್ಪು ಗ್ರಾನೈಟಿಗೆ ಪಾಲಿಶ್ ಮಾಡಿ ಅಕ್ಷರವನ್ನು ಮಾತ್ರ ಒರಟು ಬಿಡಿಸುವ ಪದ್ಧತಿ ಈಗ ಹೆಚ್ಚು. ಒಣಗಿದ್ದಾಗ ಬೂದುಬಣ್ಣದಲ್ಲಿ ಚೆನ್ನಾಗಿ ಕಾಣುತ್ತದೆ, ಮಳೆ ಬಿದ್ದು ನೆನೆದರೆ ಒರಟು ಭಾಗವೂ ಕಪ್ಪಾಗಿ ಹೆಸರೇ ಅಳಿಸಿಹೋಗುತ್ತದೆ. ಅಂಗಡಿಯಲ್ಲಿ ಮಾದರಿ ತೋರಿಸಿದಾಗ ಒಂದು ಲೋಟ ನೀರು ಕೇಳಿ ಅದರ ಮೇಲೆ ಸುರಿದು ನೋಡಿ.